ಒದೆಯುವ ಗರಗಸಕ್ಕೆ ಕನ್ನಡ ಬರುವುದಿಲ್ಲವೇ?

2024ರ ಜೂನ್ 2, ಭಾನುವಾರ. ಅಂದು ಬೆಂಗಳೂರಿಗೆ ಸುರಿದ ಮಳೆ ನೆನಪಿದೆಯೇ? ಒಂದೇ ದಿನ 111 ಮಿಲಿಮೀಟರ್! 1891ರಿಂದ ಉಳಿದುಕೊಂಡು ಬಂದಿದ್ದ ಜೂನ್ ತಿಂಗಳ ದಾಖಲೆಯೂ ಆ ನೀರಿನಲ್ಲಿ ಕೊಚ್ಚಿಕೊಂಡು ಹೋಯಿತು. ಮಾರನೆಯ ಬೆಳಿಗ್ಗೆ ನಮ್ಮ ಬೀದಿಯ ಕೊನೆಗೆ ಹೋದರೆ ದೊಡ್ಡದೊಂದು ಗುಲ್‌ಮೊಹರ್ ಮರ ಬುಡಸಮೇತ ಮಗುಚಿ, ಯಾರದೋ ಕಾರಿನ ಮೇಲೆ ಅಡ್ಡ ಮಲಗಿತ್ತು. ಗುತ್ತಿಗೆದಾರನ ಕಡೆಯ ನಾಲ್ಕು ಹುಡುಗರು ಆಗಲೇ ಕೆಲಸ ಶುರು ಮಾಡಿದ್ದರು.

ಮಿಷನ್ ಹಿಡಿದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಕಾಲಲ್ಲಿ ಹವಾಯಿ ಚಪ್ಪಲಿ. ತಲೆಗೆ ಟವೆಲ್ಲು. ಕಣ್ಣಿಗೆ ಏನೂ ಇಲ್ಲ, ಕಿವಿಗೆ ಏನೂ ಇಲ್ಲ. ಕೈಯಲ್ಲಿ ಪೆಟ್ರೋಲ್ ಗರಗಸ, ಎಲ್ಲರೂ ಚೈನ್ ಸಾ ಅನ್ನುತ್ತೇವಲ್ಲ, ಅದು. ಮಿಷನ್ ಇಡೀ ಬೀದಿ ಕೇಳುವಂತೆ ಅರಚುತ್ತಿತ್ತು, ಆದರೆ ಮರ ಕುಯ್ಯುತ್ತಿರಲಿಲ್ಲ. ಸಂದಿನಿಂದ ರಾಗಿ ಹಿಟ್ಟಿನಂಥ ಪುಡಿ ಬರುತ್ತಿತ್ತು, ಜೊತೆಗೆ ಸುಟ್ಟ ವಾಸನೆ. ಹುಡುಗ ಮೈಭಾರವನ್ನೆಲ್ಲ ಹಾಕಿ ಮಿಷನ್ನನ್ನು ಮರಕ್ಕೆ ಒತ್ತುತ್ತಿದ್ದ.

ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟ, ಮರ, ನಾಟಾ, ಗರಗಸಗಳ ನಡುವೆ ಬೆಳೆದವನು. ಸುಮ್ಮನೆ ನೋಡಿಕೊಂಡು ಹೋಗಲು ಆಗಲಿಲ್ಲ. ಚಾ ಕುಡಿಯಲು ಅವರು ಕೂತಾಗ ಹತ್ತಿರ ಹೋಗಿ ಕೇಳಿದೆ.

"ತಮ್ಮಾ, ಚೈನಿಗೆ ಅರ ಹಾಕಿ ಎಷ್ಟು ದಿನ ಆಯ್ತು?"

"ಅರ ಯಾಕ್ರೀ ಅಣ್ಣಾ? ಮಿಷನ್ ಹೊಸಾದೈತ್ರಿ. ಹೋದ ತಿಂಗಳ ತಂದಾರ."

"ಜೊತೆಗೆ ಪುಸ್ತಕ ಕೊಟ್ಟಿರಬೇಕಲ್ಲ?"

"ಕೊಟ್ಟಾರ್ರೀ. ಡಬ್ಬಿದಾಗ ಐತಿ. ಎಲ್ಲಾ ಇಂಗ್ಲೀಷ, ಹಿಂದಿ. ನಾವು ಚಿತ್ರಾ ಅಷ್ಟ ನೋಡೀವ್ರಿ."

ಯಾದಗಿರಿ ಕಡೆಯ ಹುಡುಗ. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದವನು. ಚಾ ಅಂಗಡಿಯಲ್ಲಿ ಬಿದ್ದಿದ್ದ ಪೇಪರನ್ನು ಗಡಗಡ ಓದುತ್ತಿದ್ದ. ಇವನನ್ನು ಅನಕ್ಷರಸ್ಥ ಅನ್ನುತ್ತೀರಾ? ಅವನಿಗೆ ಓದು ಬರುತ್ತದೆ ಸ್ವಾಮಿ, ಪುಸ್ತಕಕ್ಕೆ ಅವನ ಭಾಷೆ ಬರುವುದಿಲ್ಲ!

ಜೀಪಿನಿಂದ ಡಬ್ಬ ತರಿಸಿ ನೋಡಿದೆ. ದಪ್ಪ ಪುಸ್ತಕ ಹೊಸದಾಗಿಯೇ ಇತ್ತು. ಅದರ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ, ಒಂದು ದುಂಡು ಅರ. ಯಾವ ಅರ ಹಾಕಿದರೆ ಮಿಷನ್ ಬೆಣ್ಣೆಯಂತೆ ಕುಯ್ಯುತ್ತಿತ್ತೋ ಅದೇ ಅರ! ಕಂಪನಿಯವನು ಕೊಟ್ಟಿದ್ದಾನೆ, ಗುತ್ತಿಗೆದಾರ ದುಡ್ಡು ತೆತ್ತಿದ್ದಾನೆ. ಅದು ಏನು, ಯಾತಕ್ಕೆ ಅಂತ ಹೇಳುವ ಒಂದು ಸಾಲು ಕನ್ನಡ ಇಲ್ಲದ್ದಕ್ಕೆ ಅದು ಕವರಿನೊಳಗೇ ಕೂತಿತ್ತು.

ಆ ಗುಂಪಿನ ಇನ್ನೊಬ್ಬ ಹುಡುಗ ಪ್ಯಾಂಟು ಮೇಲೆತ್ತಿ ಎಡ ಮೊಣಕಾಲಿನ ಮೇಲೆ ಒಂದು ಗೇಣುದ್ದದ ಗಾಯದ ಗುರುತು ತೋರಿಸಿದ. "ಹೋದ ವರ್ಷ ಮಿಷನ್ ಒದೀತ್ರೀ" ಅಂದ. ಅಷ್ಟೇ ಅಂದ, ನಕ್ಕುಬಿಟ್ಟ.

ಒದೀತ್ರೀ! ಇಂಗ್ಲಿಷಿನವರು ಕಿಕ್‌ಬ್ಯಾಕ್ ಅಂತ ಹೆಸರಿಟ್ಟು, ಪುಸ್ತಕದಲ್ಲಿ ಪುಟಗಟ್ಟಲೆ ಬರೆದು, ಚಿತ್ರ ಹಾಕಿ, ಕೆಂಪು ಅಕ್ಷರದಲ್ಲಿ ಎಚ್ಚರಿಸುವುದು ಇದನ್ನೇ. ಆ ಹುಡುಗ ಯಾವ ನಿಘಂಟನ್ನೂ ನೋಡಿದವನಲ್ಲ. ಮೈಯಲ್ಲಿ ಗಾಯ ಮಾಡಿಕೊಂಡು ಕನ್ನಡಕ್ಕೆ ಒಂದು ಪದ ಕೊಟ್ಟ. ಒದೆತ. ಇದಕ್ಕಿಂತ ಒಳ್ಳೆಯ ಪದ ಬೇಕೇ?

ನಾಮಫಲಕ ಸರಿ, ಡಬ್ಬದ ಒಳಗೆ?

ಗೆಳೆಯರೇ, ನಾವು ಅಂಗಡಿಗಳ ಬೋರ್ಡಿಗಾಗಿ ಬೀದಿಗಿಳಿದೆವು. ತಪ್ಪಲ್ಲ. ಬೋರ್ಡಿನಲ್ಲಿ ನೂರಕ್ಕೆ 60 ಪಾಲು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು. ಬರಲೇಬೇಕಿತ್ತು. ಆದರೆ ಬೋರ್ಡು ನೋಡುವುದು ಬೀದಿಯಲ್ಲಿ ಹೋಗುವವನು. ಅಂಗಡಿಯೊಳಗೆ ಡಬ್ಬ ಬಿಚ್ಚಿ ಮಿಷನ್ನು ಹೊರಗೆ ತೆಗೆಯುವವನ ಪಾಡೇನು? ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಮಗೆ ಅವಮಾನ. ಡಬ್ಬದೊಳಗೆ ಕನ್ನಡ ಇಲ್ಲದಿದ್ದರೆ ಅವನಿಗೆ ಕಾಲು ಹೋಗುತ್ತದೆ.

ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನ್ನಿಸಿದರೆ ಒಂದು ಲೆಕ್ಕ ಕೇಳಿ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಗಂಟೆಗೆ 70 ಕಿಲೋಮೀಟರ್ ಮೇಲಾಯಿತು. ಹಲ್ಲಿರುವ ಸರಪಳಿಯನ್ನು ಮೊದಮೊದಲು ಮಾಡಿಸಿದವರು ಯಾರು ಗೊತ್ತೇ? ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಕಾಟ್‌ಲೆಂಡಿನ ಇಬ್ಬರು ವೈದ್ಯರು, ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರೆ. ಮರಕ್ಕಲ್ಲ. ಹೆರಿಗೆ ಕಷ್ಟವಾದಾಗ ಮೂಳೆ ಕೊಯ್ಯಲು! ಕೈಯಿಂದ ಎಳೆಯುತ್ತಿದ್ದ ಸಣ್ಣ ಸರಪಳಿ ಅದು. ಮುಂದೆ ಅದೇ ಬುದ್ಧಿಗೆ ಇಂಜಿನ್ ಬಂತು, ಅದು ಮರಕ್ಕೆ ತಿರುಗಿತು. ಆದರೆ ಮೂಳೆ ಕುಯ್ಯುವುದನ್ನು ಅದೇನೂ ಮರೆತಿಲ್ಲ.

ಒದೆತ ಹೇಗೆ ಆಗುತ್ತದೆ? ಚೈನು ಸುತ್ತುವ ಉದ್ದನೆಯ ಪಟ್ಟಿಗೆ ಬಾರ್ ಅನ್ನುತ್ತಾರೆ. ಆ ಬಾರಿನ ಮೂತಿಯ ಮೇಲಿನ ಕಾಲುಭಾಗ ಇದೆಯಲ್ಲ, ಅದು ಇನ್ನೊಂದು ಕೊಂಬೆಗೋ ಕಲ್ಲಿಗೋ ತಗುಲಿತೋ, ಕುಯ್ಯಬೇಕಾದ ಹಲ್ಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚೈನಿನ ಓಟದ ಬಲವೆಲ್ಲ ಹಿಂದಕ್ಕೆ ತಿರುಗಿ, ಬಾರು ಮೇಲೆದ್ದು, ಹಿಡಿದವನ ಮುಖಕ್ಕೋ ಕುತ್ತಿಗೆಗೋ ಬರುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಅದಕ್ಕೇ ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯ ಕೆಳಗಿನಿಂದ ಸುತ್ತಿಕೊಂಡಿರಬೇಕು. ಅದಕ್ಕೇ ಭುಜಕ್ಕಿಂತ ಮೇಲೆ ಮಿಷನ್ ಎತ್ತಬಾರದು. ಅದಕ್ಕೇ ಮಿಷನ್ನಿನ ನೇರಕ್ಕೆ ತಲೆ ಇಟ್ಟು ನಿಲ್ಲಬಾರದು, ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು. ಹಿಡಿಯ ಮುಂದೆ ಕೈಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ನಮ್ಮ ಹುಡುಗರು ಅದನ್ನು ಅಲಂಕಾರಕ್ಕೆ ಅಂದುಕೊಂಡಿದ್ದರು. ಅದು ಚೈನಿನ ಬ್ರೇಕು! ಮಿಷನ್ ಒದ್ದಾಗ ಕೈಗೆ ತಾಗಿ ಮುಂದಕ್ಕೆ ಬಾಗಿ ಚೈನನ್ನು ಹಿಡಿದು ನಿಲ್ಲಿಸುವ ಬ್ರೇಕು. ದಿನಾ ಕೆಲಸಕ್ಕೆ ಮುಂಚೆ ಅದನ್ನೊಮ್ಮೆ ಪರೀಕ್ಷಿಸಬೇಕು.

ಈಗ ಹೇಳಿ. ಈ ಒಂದು ಪ್ಯಾರಾದಲ್ಲಿ ಕನ್ನಡಕ್ಕೆ ಎಲ್ಲಿ ಕಷ್ಟವಾಯಿತು?

ಅರ ಹಾಕುವ ವಿದ್ಯೆ

ಕನ್ನಡದಲ್ಲಿ ತಾಂತ್ರಿಕ ವಿಷಯ ಬರೆಯಲಾಗದು ಅನ್ನುವ ಮಹಾಶಯರು ನಮ್ಮಲ್ಲಿ ಈಗಲೂ ಇದ್ದಾರೆ. ಶಿವರಾಮ ಕಾರಂತರು ಒಬ್ಬರೇ ಕೂತು ಬಾಲಪ್ರಪಂಚ, ವಿಜ್ಞಾನ ಪ್ರಪಂಚಗಳ ಸಂಪುಟಗಳನ್ನು ಕೊಟ್ಟರು. ಬಿ.ಜಿ.ಎಲ್. ಸ್ವಾಮಿ ಮರಗಿಡಗಳ ಶಾಸ್ತ್ರವನ್ನೇ ಹಸಿರು ಹೊನ್ನು ಮಾಡಿ, ನಗಿಸುತ್ತಲೇ ಕಲಿಸಿ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದರು. ಇಷ್ಟಾದ ಮೇಲೂ ಒಂದು ಚೈನಿಗೆ ಅರ ಹಾಕುವುದನ್ನು ಕನ್ನಡದಲ್ಲಿ ಹೇಳಲಾಗದಂತೆ! ಇರಲಿ, ಹೇಳಿಯೇ ತೋರಿಸುತ್ತೇನೆ. ಆ ದಿನ ಆ ಹುಡುಗರಿಗೆ ಹೇಳಿದ್ದೂ ಇದನ್ನೇ.

ಚೈನಿನ ಹಲ್ಲನ್ನು ಹತ್ತಿರದಿಂದ ನೋಡಿ. ಒಂದು ಎಡಕ್ಕೆ ಬಾಗಿದ್ದರೆ ಮುಂದಿನದು ಬಲಕ್ಕೆ. ಈ ವಿನ್ಯಾಸದ ಹಿಂದೆ ಒಂದು ಕತೆ ಇದೆ. ಅಮೆರಿಕದ ಆರೆಗನ್ ಕಡೆ ಮರ ಕಡಿಯುತ್ತಿದ್ದ ಜೋ ಕಾಕ್ಸ್ ಎಂಬಾತ 1940ರ ದಶಕದಲ್ಲಿ ಕೊರಡಿನೊಳಗಿದ್ದ ಜೀರುಂಡೆಯ ಹುಳುವೊಂದನ್ನು ನೋಡುತ್ತಾ ಕೂತ. ಹುಳು ತನ್ನ ದವಡೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ, ನಾರು ಉದ್ದಕ್ಕಿರಲಿ ಅಡ್ಡಕ್ಕಿರಲಿ, ಸಲೀಸಾಗಿ ಮರ ಕೊರೆಯುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿದ. ಇವತ್ತಿನ ಚೈನುಗಳ ತಾಯಿಬೇರು ಅದು. ಹುಳುವಿನ ಭಾಷೆ ಆತನಿಗೆ ಅರ್ಥವಾಯಿತು. ಕನ್ನಡಿಗನ ಭಾಷೆ ಕಂಪನಿಗಳಿಗೆ ಅರ್ಥವಾಗಬೇಕಿದೆ, ಅಷ್ಟೆ!

ಅರ ಯಾವುದಿರಬೇಕು? ಚಿಕ್ಕ ಮಿಷನ್ನಿನ ಚೈನಿಗೆ ಸಾಮಾನ್ಯವಾಗಿ 4 ಮಿ.ಮೀ. ದುಂಡು ಅರ, ಮಧ್ಯಮದ್ದಕ್ಕೆ 4.8, ದೊಡ್ಡದಕ್ಕೆ 5.2 ಅಥವಾ 5.5. ದೊಡ್ಡ ಚೈನಿಗೆ ಚಿಕ್ಕ ಅರ ಹಾಕಿದರೆ ಹಲ್ಲು ಕೊಕ್ಕೆಯಾಗುತ್ತದೆ. ಚಿಕ್ಕ ಚೈನಿಗೆ ದೊಡ್ಡದು ಹಾಕಿದರೆ ಮೊಂಡು ಬೆನ್ನು ಬರುತ್ತದೆ. ಬಾರಿಗೆ ಅಡ್ಡಲಾಗಿ ಸುಮಾರು 30 ಡಿಗ್ರಿ ಓರೆಯಲ್ಲಿ ಅರ ಹಿಡಿಯಬೇಕು. ಬಹುಪಾಲು ಚೈನುಗಳಲ್ಲಿ ಹಲ್ಲಿನ ಮೇಲೆಯೇ ಆ ಓರೆಗೆ ಒಂದು ಗೀಟು ಇರುತ್ತದೆ, ಕಣ್ಣಿಟ್ಟು ನೋಡಿದರೆ ಕಾಣುತ್ತದೆ. ಅರದ ದಪ್ಪದ ಐದನೇ ಒಂದು ಪಾಲು ಹಲ್ಲಿನ ನೆತ್ತಿಯಿಂದ ಮೇಲಿರಲಿ. ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು. ಹಿಂದಕ್ಕೆ ಎಳೆಯುವಾಗ ಅರವನ್ನು ಎತ್ತಬೇಕು, ಇಲ್ಲದಿದ್ದರೆ ಅರವೇ ಸವೆದುಹೋಗುತ್ತದೆ. ಒಂದು ಹಲ್ಲಿಗೆ ಮೂರು ಉಜ್ಜಾದರೆ ಎಲ್ಲ ಹಲ್ಲಿಗೂ ಮೂರೇ. ಎಡಗಡೆಯವು ಉದ್ದ, ಬಲಗಡೆಯವು ಗಿಡ್ಡ ಆದವೋ, ಮಿಷನ್ ಮರದೊಳಗೆ ನೆಟ್ಟಗೆ ಹೋಗದೆ ಪಕ್ಕಕ್ಕೆ ವಾಲುತ್ತದೆ. "ಮಿಷನ್ ಎಳಿತದ" ಅಂತ ಹುಡುಗರು ದೂರುವುದು ಇದನ್ನೇ. ಮಿಷನ್ನಿನ ತಪ್ಪಲ್ಲ, ಅರದ ಲೆಕ್ಕ ತಪ್ಪಿದ್ದು.

ಇನ್ನೊಂದು ಗುಟ್ಟು ಇದೆ. ಪ್ರತಿ ಹಲ್ಲಿನ ಮುಂದೆ ಒಂದು ಪುಟ್ಟ ಗುಬುಟು ಇರುತ್ತದೆ. ಹಲ್ಲು ಮರವನ್ನು ಎಷ್ಟು ಆಳಕ್ಕೆ ಕಚ್ಚಬೇಕೆಂದು ತೀರ್ಮಾನಿಸುವುದು ಆ ಗುಬುಟು. ಮಾಮೂಲಿ ಚೈನಿನಲ್ಲಿ ಅದು ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಹಲ್ಲಿಗೆ ಅರ ಹಾಕುತ್ತಾ ಹೋದಂತೆ ಹಲ್ಲು ತಗ್ಗುತ್ತದೆ, ಗುಬುಟು ಹಾಗೇ ಉಳಿಯುತ್ತದೆ. ಆಗ ಹಲ್ಲು ಎಷ್ಟೇ ಚೂಪಿದ್ದರೂ ಮರ ಮುಟ್ಟುವುದಿಲ್ಲ. ಅದಕ್ಕೇ ನಾಲ್ಕೈದು ಸಲಕ್ಕೊಮ್ಮೆ ಗುಬುಟಿಗೂ ಚಪ್ಪಟೆ ಅರ ಹಾಕಬೇಕು, ಅಳತೆ ಪಟ್ಟಿ ಇಟ್ಟು. "ಇನ್ನೂ ಜೋರಾಗಿ ಕುಯ್ಯಲಿ" ಅಂತ ಮನಸ್ಸಿಗೆ ಬಂದಷ್ಟು ಉಜ್ಜಿದಿರೋ, ಹಲ್ಲು ಮರವನ್ನು ಕುಯ್ಯುವ ಬದಲು ಕಿತ್ತುಕೊಳ್ಳಲು ಹೋಗುತ್ತದೆ, ಮಿಷನ್ ಒದೆಯುತ್ತದೆ. ಅರ್ಧ ಮಿಲಿಮೀಟರಿನ ಮಾತು ಇದು. ಇದನ್ನು ಚಿತ್ರ ನೋಡಿ ಊಹಿಸಬೇಕೇ ನಮ್ಮ ಹುಡುಗರು?

ಆ ದಿನ ಕಾರಿನ ಬಾನೆಟ್ಟಿನ ಪಕ್ಕದಲ್ಲೇ ಕೂತು ಅರ ಹಾಕಿದೆವು. ಇಪ್ಪತ್ತು ನಿಮಿಷ ಹಿಡಿಯಿತು. ಮತ್ತೆ ಮಿಷನ್ ಹಚ್ಚಿದಾಗ ಹಿಟ್ಟು ಹೋಗಿ ಅವಲಕ್ಕಿಯಂಥ ಚಕ್ಕೆ ಹಾರತೊಡಗಿತು. ಒತ್ತುವ ಕೆಲಸವೇ ಇಲ್ಲ, ತನ್ನ ಭಾರಕ್ಕೆ ತಾನೇ ಇಳಿಯಿತು. ಹುಡುಗ ನನ್ನ ಮುಖ ನೋಡಿ, "ಇದನ್ನ ಮೊದಲ ಯಾಕ ಯಾರೂ ಹೇಳಲಿಲ್ರಿ ಅಣ್ಣಾ?" ಅಂದ. ಏನು ಉತ್ತರ ಕೊಡಲಿ?

ಅರ ಒಂದೇ ಅಲ್ಲ. ಎರಡು ಸ್ಟ್ರೋಕಿನ ಇಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಅಂದರೆ 40. ಯಾವ ಮಿಷನ್ನಿಗೆ, ಯಾವ ಆಯಿಲ್ಲಿಗೆ ಯಾವ ಲೆಕ್ಕ ಅನ್ನುವುದು ಪುಸ್ತಕದಲ್ಲಿದೆ. ನಮ್ಮವರು ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುತ್ತಾರೆ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಂಡು ಇಂಜಿನ್ ಸತ್ತಂತೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೇರೆ. ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲಕ್ಕೆ ಅಂತ ಬೆರೆಸಿಟ್ಟು ದೀಪಾವಳಿಗೆ ಹಚ್ಚಿದರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳದೆ ಇನ್ನೇನಾಗುತ್ತದೆ? ಚೈನಿಗೆ ಬೇರೆಯೇ ಆಯಿಲ್ ಟ್ಯಾಂಕಿದೆ, ಪೆಟ್ರೋಲ್ ತುಂಬಿಸಿದಾಗಲೆಲ್ಲ ಅದನ್ನೂ ತುಂಬಿಸಬೇಕು. ಮಿಷನ್ನಿನ ಮೂತಿಯನ್ನು ಹಳೇ ಪೇಪರಿನ ಮೇಲೆ ಹಿಡಿದು ಆಕ್ಸಿಲರೇಟರ್ ಒತ್ತಿದರೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಬಾರಿನ ಸಂದಿನಲ್ಲಿ ಪುಡಿ ಕಟ್ಟಿದೆ ಅಂತಲೇ ಅರ್ಥ, ಬಿಚ್ಚಿ ಕೆರೆಯಬೇಕು. ಕೆರೆದ ಮೇಲೆ ಬಾರನ್ನು ಮಗುಚಿ ಹಾಕಿ, ಎರಡು ಅಂಚೂ ಸಮ ಸವೆಯಲಿ.

ಮರದ ಮೇಲೆ ಯಾರ ಭಾಷೆ?

ನೆಲದ ಮೇಲಿನ ಕತೆ ಇದಾದರೆ, ಮರದ ಮೇಲಿನದು ಇನ್ನೂ ಘೋರ. ಬೆಂಗಳೂರಿನಲ್ಲಿ ಕೊಂಬೆ ಕಡಿಯುವವರನ್ನು ತಲೆಯೆತ್ತಿ ನೋಡಿದ್ದೀರಾ? ಸೊಂಟಕ್ಕೆ ಒಂದು ನೈಲಾನ್ ಹಗ್ಗ, ಅದೂ ಇದ್ದರೆ. ಒಂದು ಕೈಯಲ್ಲಿ ಕೊಂಬೆ, ಇನ್ನೊಂದು ಕೈಯಲ್ಲಿ ಓಡುತ್ತಿರುವ ಮಿಷನ್. ಕಾಲು ಜಾರಿದರೆ ಸೊಂಟದ ಹಗ್ಗ ಹೊಟ್ಟೆಯನ್ನು ಹಿಂಡುತ್ತದೆ, ಉಸಿರು ಕಟ್ಟಿಸುತ್ತದೆ. ಅದಕ್ಕೇ ತೊಡೆಗೂ ಸೊಂಟಕ್ಕೂ ಪಟ್ಟಿ ಇರುವ ಹಾರ್ನೆಸ್ ಇರುವುದು, ಭಾರ ತೊಡೆಯ ಮೇಲೆ ಹಂಚಲಿ ಅಂತ. ಮಿಷನ್ ಹಿಡಿದು ಕುಯ್ಯುವಾಗ ಮರಕ್ಕೆ ಎರಡು ಕಡೆ ಕಟ್ಟಿಕೊಂಡಿರಬೇಕು. ಅದರಲ್ಲಿ ಒಂದು, ಒಳಗೆ ಉಕ್ಕಿನ ತಂತಿ ಇರುವ ಹಗ್ಗವಾದರೆ ಒಳ್ಳೆಯದು. ಚೈನು ತಾಗಿದರೆ ಬರಿ ಹಗ್ಗ ದಾರದಂತೆ ತುಂಡಾಗುತ್ತದೆ. ಹಗ್ಗವನ್ನು ಪೆಟ್ರೋಲ್ ಕ್ಯಾನಿನ ಜೊತೆ ಒಂದೇ ಚೀಲದಲ್ಲಿ ಹಾಕಬಾರದು. ದಿನಾ ಬೆರಳಿನ ಸಂದಿನಲ್ಲಿ ಇಡೀ ಹಗ್ಗ ಹರಿಸಿ ನೋಡಬೇಕು, ಎಲ್ಲಾದರೂ ಒಳಗೆ ಮೆತ್ತಗೋ ಗಂಟೋ ಸಿಕ್ಕರೆ ಅದು ಬಾವಿಗೆ ನೀರು ಸೇದಲಷ್ಟೇ ಲಾಯಕ್ಕು. ಕಾಲಿಗೆ ಕಟ್ಟುವ ಉಕ್ಕಿನ ಮುಳ್ಳು ಪೂರ್ತಿ ಕಡಿದುಹಾಕುವ ಮರಕ್ಕೆ ಮಾತ್ರ. ಉಳಿಸುವ ಮರಕ್ಕೆ ಅದರಿಂದ ಹತ್ತಿದರೆ ಪ್ರತಿ ಹೆಜ್ಜೆಯೂ ಒಂದು ಗಾಯ, ಪ್ರತಿ ಗಾಯವೂ ಕೊಳೆಯುವುದಕ್ಕೆ ದಾರಿ.

ಮರ ಹತ್ತುವುದನ್ನು ಕನ್ನಡ ನಾಡಿಗೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಿಲ್ಲ. ನಮ್ಮ ಮಲೆನಾಡಿನ ಕೊನೆಗಾರ, ಉತ್ತರ ಕನ್ನಡದವರು ಕೊನೆಗೌಡ ಅನ್ನುತ್ತಾರೆ, ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರಿ, ಮೇಲೆ ಹೋದ ಮೇಲೆ ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟುತ್ತಾನೆ. ತೆಂಗು, ಈಚಲು, ತಾಳೆ ಹತ್ತುವವರದು ಒಂದೊಂದು ಕಡೆ ಒಂದೊಂದು ಪಟ್ಟು, ಒಂದೊಂದಕ್ಕೂ ಹೆಸರು. ಈ ಪದಸಂಪತ್ತು ಒಂದು ತಲೆಮಾರಿನ ಕಾಲಿನ ಹಿಮ್ಮಡಿಯಲ್ಲಿ ಉಳಿದಿದೆ, ಪುಸ್ತಕಕ್ಕೆ ಬಂದಿಲ್ಲ. ಕೊನೆಗಾರನ ಮಗ ಇವತ್ತು ಬೆಂಗಳೂರಿಗೆ ಬಂದು ಹಾರ್ನೆಸ್ ತೊಟ್ಟರೆ ಅದರ ಬಕಲ್ಲಿನ ಮೇಲೆ ಬರೆದ ಎಚ್ಚರಿಕೆ ಅವನಿಗೆ ಪರಭಾಷೆ. ಅಪ್ಪನ ಪದ ಮಗನ ಸಾಮಾನಿಗೆ ತಲುಪಲಿಲ್ಲ.

ದಿಮ್ಮಿ ಸೀಳಿ ಹಲಗೆ ಮಾಡುವುದೂ ಅಷ್ಟೇ. ನನ್ನ ಅಜ್ಜನ ಕಾಲದಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೆದು ತೊಲೆ, ಹಲಗೆ, ರೀಪು ಎಲ್ಲ ತೆಗೆಯುತ್ತಿದ್ದರು. ಈಗ ಚೈನ್ ಸಾ ಬಾರಿಗೆ ಒಂದು ಚೌಕಟ್ಟು ಸಿಕ್ಕಿಸಿ, ದಿಮ್ಮಿಯ ಮೇಲೆ ಏಣಿಯನ್ನು ಬಿಗಿದು, ಅದನ್ನೇ ಹಳಿ ಮಾಡಿಕೊಂಡು ಮೊದಲ ಹಲಗೆ ಕುಯ್ಯಬಹುದು. ಅಲಾಸ್ಕನ್ ಮಿಲ್ ಅನ್ನುತ್ತಾರೆ. ಆದರೆ ಉದ್ದಕ್ಕೆ ಸೀಳುವ ಚೈನಿನ ಹಲ್ಲಿಗೆ 30 ಡಿಗ್ರಿ ಅಲ್ಲ, 10 ಡಿಗ್ರಿ ಓರೆ. ಅಡ್ಡ ಕುಯ್ಯುವ ಚೈನಿನಲ್ಲೇ ಉದ್ದಕ್ಕೆ ಸೀಳಲು ಹೋದರೆ ಇಂಜಿನ್ ಕಾದು ಕಣ್ಣೀರಿಡುತ್ತದೆ, ಹಲಗೆಯ ಮೈ ಹಲಸಿನ ಸಿಪ್ಪೆಯಂತಾಗುತ್ತದೆ. ಒಂದು ಕೊಯ್ತಕ್ಕೆ 8-9 ಮಿ.ಮೀ. ಮರ ಪುಡಿಯಾಗಿ ಹೋಗುತ್ತದೆ ಅನ್ನುವುದನ್ನೂ ಮೊದಲೇ ಲೆಕ್ಕ ಹಾಕಬೇಕು. ಕಾಡುಮರವಾದರೆ ಅರಣ್ಯ ಇಲಾಖೆಯ ಅನುಮತಿ ಬೇರೆ ಮಾತು, ಅದನ್ನು ಮರೆತು ಏಣಿ ಕಟ್ಟಬೇಡಿ.

ಎಸ್ಟೋನಿಯಾಕ್ಕಿದೆ, ಕರ್ನಾಟಕಕ್ಕಿಲ್ಲ

ಈಗ ಕಾನೂನಿನ ಮಾತು. ಇದನ್ನು ಕೇಳಿದರೆ ನಿಮಗೆ ರಕ್ತ ಕುದಿಯುತ್ತದೆ.

ಯುರೋಪಿನ ಒಕ್ಕೂಟದಲ್ಲಿ 2006ರ ಯಂತ್ರಗಳ ನಿರ್ದೇಶನ ಅಂತ ಒಂದಿದೆ. ಯಾವ ದೇಶದಲ್ಲಿ ಮಿಷನ್ ಮಾರುತ್ತೀಯೋ ಆ ದೇಶದ ಅಧಿಕೃತ ಭಾಷೆಯಲ್ಲೇ ಅದರ ಪುಸ್ತಕ ಕೊಡತಕ್ಕದ್ದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಎಸ್ಟೋನಿಯಾ ಅನ್ನುವ ದೇಶ ಇದೆ. ಜನಸಂಖ್ಯೆ ಹದಿಮೂರು ಹದಿನಾಲ್ಕು ಲಕ್ಷದ ಆಸುಪಾಸು. ನಮ್ಮ ಒಂದು ಜಿಲ್ಲೆಯಷ್ಟೂ ಇಲ್ಲ! ಅಲ್ಲಿ ಚೈನ್ ಸಾ ಮಾರಬೇಕಾದರೆ ಎಸ್ಟೋನಿಯನ್ ಭಾಷೆಯಲ್ಲಿ ಪುಸ್ತಕ ಇರಲೇಬೇಕು. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. ಇಲ್ಲಿ? "ಚಿತ್ರಾ ಅಷ್ಟ ನೋಡೀವ್ರಿ."

ಕಂಪನಿಗಳು ಕೆಟ್ಟವು ಅಂತ ಬೈಯುವುದು ಸುಲಭ. ಕೇಳಿದವರಿಗೆ ಅವು ಕೊಡುತ್ತವೆ, ಕೇಳದವರಿಗೆ ಕೊಡುವುದಿಲ್ಲ. ನಮ್ಮ ಪರವಾಗಿ ಕೇಳಬೇಕಾದ ದಿಲ್ಲಿ ಏನು ಮಾಡಿದೆ? ಪೊಟ್ಟಣ ಕಟ್ಟಿ ಮಾರುವ ಸರಕುಗಳ 2011ರ ಕೇಂದ್ರ ನಿಯಮ ತೆಗೆದು ನೋಡಿ. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕಂತೆ. ಬೇರೆ ಭಾಷೆ? ಬೇಕಾದರೆ ಜೊತೆಗೆ ಹಾಕಿಕೊಳ್ಳಿ, ನಮ್ಮದೇನೂ ಅಡ್ಡಿ ಇಲ್ಲ! ಭಿಕ್ಷೆ ಹಾಕುವ ಧಾಟಿ ನೋಡಿ.

ಇನ್ನು ನಮ್ಮ ವಿಧಾನಸೌಧ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಲ್ಲಿ ಒಳ್ಳೆಯ ಅಂಶವೊಂದಿದೆ. ರಾಜ್ಯದಲ್ಲಿ ತಯಾರಾಗುವ ಸರಕುಗಳ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಅಂತ. 2025ರ ಫೆಬ್ರವರಿಯಲ್ಲಿ ಅದನ್ನು ನೆನಪಿಸಿ ಸರ್ಕಾರ ಆದೇಶವನ್ನೂ ಹೊರಡಿಸಿತು. ಚಪ್ಪಾಳೆ ತಟ್ಟೋಣ. ತಟ್ಟಿದ ಮೇಲೆ ಮತ್ತೊಮ್ಮೆ ಓದೋಣ: ರಾಜ್ಯದಲ್ಲಿ ತಯಾರಾಗುವ ಸರಕು! ಇಲ್ಲಿ ಮಾಡಿದ ಉಪ್ಪಿನಕಾಯಿ ಡಬ್ಬಕ್ಕೆ ಕನ್ನಡ ಕಡ್ಡಾಯ. ಜರ್ಮನಿಯಿಂದ, ಸ್ವೀಡನ್ನಿನಿಂದ, ಚೀನಾದಿಂದ, ಪಕ್ಕದ ರಾಜ್ಯದಿಂದ ಬರುವ, ಕಾಲು ಕತ್ತರಿಸುವ ಮಿಷನ್ನಿಗೆ ಕನ್ನಡ ಬೇಕಿಲ್ಲ. ಉಪ್ಪಿನಕಾಯಿ ತಿನ್ನುವುದು ಹೇಗೆಂದು ಕನ್ನಡಿಗನಿಗೆ ಗೊತ್ತಿಲ್ಲವೇ?

ಸರ್ಕಾರ ಮನಸ್ಸು ಮಾಡಿದರೆ ಹೊಸ ಕಾನೂನಿಗೆ ಕಾಯಬೇಕಿಲ್ಲ. ಅರಣ್ಯ ಇಲಾಖೆ, ಪಾಲಿಕೆ, ವಿದ್ಯುತ್ ಕಂಪನಿಗಳು ತಾವೇ ಮಿಷನ್ ಕೊಳ್ಳುತ್ತವೆ, ಅಥವಾ ಮಿಷನ್ ಇರುವವನಿಗೆ ಗುತ್ತಿಗೆ ಕೊಡುತ್ತವೆ. ಕೃಷಿ ಯಾಂತ್ರೀಕರಣದ ಸಹಾಯಧನದಲ್ಲಿ ಎಷ್ಟೋ ಯಂತ್ರಗಳು ರೈತರಿಗೆ ಹೋಗುತ್ತವೆ. ಆ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ: ಕನ್ನಡದ ಪುಸ್ತಕ ಇಲ್ಲದ ಯಂತ್ರಕ್ಕೆ ಬಿಲ್ ಪಾಸಾಗುವುದಿಲ್ಲ. ಒಂದೇ ಸಾಲು. ಎರಡು ತಿಂಗಳಲ್ಲಿ ಪುಸ್ತಕ ಬರುತ್ತದೋ ಇಲ್ಲವೋ ನೋಡಿ!

ನಮ್ಮೊಳಗಿನವರೇ ಕೆಲವರು ಕೇಳುತ್ತಾರೆ: ಮರ ಕಡಿಯುವ ಮಿಷನ್ನಿಗೆ ಕನ್ನಡ ಕಲಿಸಿ ಕಾಡು ಬೋಳಿಸಬೇಕೇ ಅಂತ. 1983ರಲ್ಲಿ ಶಿರಸಿ ತಾಲೂಕಿನ ಸಲ್ಕಣಿಯಲ್ಲಿ ಜನ ಮರ ಅಪ್ಪಿ ನಿಂತ ನಾಡು ಇದು, ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೊಂಡು ಚೈನು ಮರ ಉಳಿಸುವುದಿಲ್ಲ, ಕೊಲ್ಲುತ್ತದೆ. ಕೊಂಬೆ ತೆಗೆಯುವಾಗ ಮೊದಲು ಕಾಂಡದಿಂದ ಒಂದು ಗೇಣು ಆಚೆ ಕೆಳಗಿನಿಂದ ಕಚ್ಚು ಹಾಕಿ, ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಕುಯ್ದು ಭಾರ ಇಳಿಸಿ, ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿಗೆ ಗಾಯವಾಗದಂತೆ ತೆಗೆಯಬೇಕು. ಆ ಉಬ್ಬು ಉಳಿದರೆ ಮರ ತಾನೇ ಗಾಯ ಮುಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಒಂದೇ ಏಟಿಗೆ ಕುಯ್ದಾಗ ಕೊಂಬೆ ತನ್ನ ಭಾರಕ್ಕೆ ಕಾಂಡದ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಬೀಳುತ್ತದೆ. ಆ ಗಾಯದಲ್ಲಿ ನೀರು ಇಳಿದು, ಒಳಗೆ ಕೊಳೆತು, ಯಾವುದೋ ಜೂನ್ ತಿಂಗಳ ಗಾಳಿಗೆ ಮರ ಯಾರದೋ ಕಾರಿನ ಮೇಲೆ ಬೀಳುತ್ತದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಕಡಿಯಲು ಅನುಮತಿ ಕೇಳುತ್ತದೆ, ಕಡಿಯುವವನಿಗೆ ಕಡಿಯಲು ಬರುತ್ತದೆಯೇ ಅಂತ ಕೇಳುವುದಿಲ್ಲ.

ಹಾಗಾದರೆ ನಾವು ಏನು ಮಾಡೋಣ? ಕಳೆದ ತಿಂಗಳು ನಾನು ನಗರದ ಒಂದು ಅಂಗಡಿಗೆ ಹೋಗಿ ಕನ್ನಡದ ಪುಸ್ತಕ ಕೇಳಿದೆ. ಕೌಂಟರಿನಲ್ಲಿದ್ದವನು, "ಇದುವರೆಗೆ ಯಾರೂ ಕೇಳಿಲ್ಲ ಸಾರ್" ಅಂದ. ವ್ಯಂಗ್ಯವಾಗಿ ಅಲ್ಲ, ನಿಜವಾಗಿ ಆಶ್ಚರ್ಯಪಟ್ಟು ಅಂದ. ನಿಮ್ಮಲ್ಲಿ ಹತ್ತು ಜನ ಹೋಗಿ ಕೇಳಿ. ಬಾಯಲ್ಲಿ ಕೇಳಬೇಡಿ, ಚೀಟಿಯಲ್ಲಿ ಬರೆದು ಕೊಟ್ಟು, ಪ್ರತಿಗೆ ಸಹಿ ಹಾಕಿಸಿಕೊಂಡು ಬನ್ನಿ. ಆ ಪ್ರತಿಯನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಅಂಚೆಯಲ್ಲಿ ಕಳಿಸಿ. ಇಂಜಿನಿಯರಿಂಗ್ ಓದುತ್ತಿರುವ ತಮ್ಮಂದಿರು, ತಂಗಿಯರು ಒಂದೊಂದು ಮಿಷನ್ನಿನ ಪುಸ್ತಕ ಹಿಡಿದು ಕೂರಿ. ಪೂರ್ತಿ ಬೇಡ, ಒದೆತ, ಅರ, ಆಯಿಲ್, ಬ್ರೇಕು, ಹಗ್ಗ, ಇಷ್ಟು ಒಂದು ಹಾಳೆಗೆ ಇಳಿಸಿ. ನಿಘಂಟಿನ ಸಂಸ್ಕೃತ ತುರುಕಬೇಡಿ. ಕೆಲಸ ಮಾಡುವವರ ಬಾಯಲ್ಲಿ ಯಾವ ಪದ ಇದೆಯೋ ಅದನ್ನೇ ಹಾಕಿ, ಬಾರು ಅಂದರೆ ಬಾರು, ಗುಬುಟು ಅಂದರೆ ಗುಬುಟು. ಬರೆದದ್ದನ್ನು ಅನುಭವಸ್ಥ ಮೆಕ್ಯಾನಿಕ್ಕಿಗೆ ತೋರಿಸದೆ ಹಂಚಬೇಡಿ. ಇಲ್ಲಿ ಅಚ್ಚಿನ ದೋಷಕ್ಕೆ ಬೆರಳು ತೆರಬೇಕಾಗುತ್ತದೆ.

ಆ ಯಾದಗಿರಿ ಹುಡುಗನಿಗೆ ಮಾರನೆಯ ದಿನವೇ ಅಂಥ ಒಂದು ಹಾಳೆ ಬರೆದುಕೊಟ್ಟಿದ್ದೆ. ಡಬ್ಬದ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದ. ಮೊನ್ನೆ ಫೋನು ಮಾಡಿದ್ದ. ಹಾಳೆ ಎಣ್ಣೆ, ಮಳೆ ಎರಡೂ ತಾಗಿ ಹರಿದುಹೋಗಿದೆಯಂತೆ. ಇನ್ನೊಂದು ಬೇಕಂತೆ. ಈ ಸಲ ಪ್ಲಾಸ್ಟಿಕ್ ಹಾಕಿಸಿ, ನಾಲ್ಕು ಪ್ರತಿ, ಬೇರೆ ಗ್ಯಾಂಗಿನವರೂ ಕೇಳುತ್ತಿದ್ದಾರಂತೆ.